ಬುಡದಿಂದ ಒಂದು ಗೇಣು

ಫೆಬ್ರುವರಿ 9

ಪ್ರೀತಿಯ ಪುಟ್ಟಿಗೆ,

ನಿನ್ನ ವಿಳಾಸವನ್ನು ಚಿಕ್ಕಮ್ಮನಿಂದ ಕಾಡಿ ಬೇಡಿ ತೆಗೆದುಕೊಂಡೆ. ಅವರನ್ನು ಬೈಯಬೇಡ. ಈ ಕಾಗದ ಹಿಂದಿರುಗಿ ಬಂದರೆ ನೀವು ಮನೆ ಬದಲಾಯಿಸಿದ್ದೀರಿ ಅಂದುಕೊಳ್ಳುತ್ತೇನೆ. ಬರದಿದ್ದರೆ ಓದಿದ್ದೀಯ ಅಂದುಕೊಳ್ಳುತ್ತೇನೆ. ಉತ್ತರ ಬರೆಯಲೇಬೇಕೆಂದಿಲ್ಲ. ಫೋನ್ ಮಾಡಬಹುದಿತ್ತಲ್ಲ ಎಂದು ಬೇರೆ ಯಾರಾದರೂ ಕೇಳಿಯಾರು. ಆ ಫೋನನ್ನು ಗೋಡೆಯಿಂದ ಕಿತ್ತಿಟ್ಟು ಐದು ವರ್ಷವಾಯಿತು. ಹೊಲಿಯಲು ಬಟ್ಟೆ ಕೊಟ್ಟವರು ಖುದ್ದಾಗಿ ಬಂದು ನನ್ನನ್ನು ಬೈದುಕೊಂಡು ಹೋಗುತ್ತಾರೆ.

ವಿಷಯ ಏನೆಂದರೆ, ಕಳೆದ ವಾರದ ಗಾಳಿಗೆ ಅಂಗಳದ ಅಂಚಿನ ತಗಡು ಬಿತ್ತು. ನಮ್ಮ ಕೂಸು ಉಂಡೆ ರಸ್ತೆಗೆ ಓಡಿದ ಮಾರನೇ ದಿನ ನಿನ್ನ ಯಜಮಾನರು ಬಂದು ಬಡಿದುಹೋಗಿದ್ದ ತಗಡು. ಅದನ್ನು ನಾನು ಒಂದು ದಿನವೂ ಮುಟ್ಟಿರಲಿಲ್ಲ. ತುಕ್ಕು ಹಿಡಿದು ಮೊಳೆಗಳೆಲ್ಲ ಸಡಿಲವಾಗಿದ್ದವು. ಬಿದ್ದ ಮೇಲೆ ಹೊಲಿಗೆಯಂತ್ರದ ಮುಂದೆ ಕೂತರೆ ರಸ್ತೆ ನೇರ ಕಣ್ಣಿಗೇ ಬೀಳುತ್ತದೆ. ಎರಡು ದಿನ ಯಂತ್ರವನ್ನು ಗೋಡೆಗೆ ಮುಖ ಮಾಡಿ ಇಟ್ಟುಕೊಂಡೆ. ಆಮೇಲೆ ಗಿಡದ ಬೇಲಿ ಹಾಕೋಣ ಅನ್ನಿಸಿತು.

ನಮ್ಮ ಅಂಗಳ ನಿನಗೆ ಗೊತ್ತಲ್ಲ, ದೊಡ್ಡ ಮರದ ಕೆಳಗೆ ಮಧ್ಯಾಹ್ನ ಹನ್ನೆರಡಕ್ಕೂ ಬಿಸಿಲು ಬೀಳುವುದಿಲ್ಲ. ನೆರಳನ್ನು ಸಹಿಸಿಕೊಂಡು ಬೆಳೆಯುವ ಪೊದೆ ಒಂದೇ ಇದೆ ಎಂದು ನರ್ಸರಿಯ ತಾತ ಹೇಳಿದರು. ಅದರ ಉದ್ದನೆಯ ಹೆಸರು ನನ್ನ ಬಾಯಿಗೆ ಹತ್ತಲಿಲ್ಲ. ತಾತನದು ಒಂದೇ ಸಮನೆ ಉಪದೇಶ: "ದೊಡ್ಡ ಸಸಿ ಬೇಡಮ್ಮ, ಮೊಣಕಾಲುದ್ದದ್ದು ತಗೊಳ್ಳಿ. ಒಂದಡಿಗೆ ಒಂದು ನೆಡಿ. ನೆಟ್ಟ ಕೂಡ್ಲೇ ಬುಡದಿಂದ ಒಂದು ಗೇಣು ಬಿಟ್ಟು ಕತ್ತರಿಸಿಬಿಡಿ. ಆಗ ಕೆಳಗಿಂದ್ಲೇ ಕವಲು ಒಡೆಯುತ್ತೆ. ಹಾಗೇ ಬಿಟ್ರೆ ಮೇಲಕ್ಕೆ ಹೋಗುತ್ತೆ, ಕೆಳಗೆ ಬರೀ ಕಡ್ಡಿ. ಚಳಿಗೆ ಎಲೆ ಉದುರಿದ್ರೆ ಸತ್ತೋಯ್ತು ಅಂತ ಕೀಳಬೇಡಿ. ಉಗುರಲ್ಲಿ ಕೆರೆದು ನೋಡಿ, ಒಳಗೆ ಹಸಿರಿದ್ರೆ ಜೀವ ಇದೆ."

ನಾನು ಸೊಂಟದೆತ್ತರದ ಸಸಿಗಳನ್ನೇ ತಂದೆ. ಈಗಾಗಲೇ ಆರು ವರ್ಷ ತಡ, ಮೊಣಕಾಲುದ್ದದ್ದು ನೆಟ್ಟು ಎಷ್ಟು ದಿನ ಕಾಯಲಿ? ಮೂವತ್ತೆರಡು ಸಸಿ, ಒಂದೂವರೆ ಅಡಿಗೊಂದು. ಊರೆಲ್ಲ ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದಳು ಎಂದು ನೀನು ಅಂದುಕೊಂಡರೆ ತಪ್ಪಿಲ್ಲ. ನಾನೂ ಹಾಗೇ ಅಂದುಕೊಂಡೇ ಗುಂಡಿ ತೋಡಿದೆ.

ಕತ್ತರಿಸುವ ಕೆಲಸ ಬಾಕಿ ಇದೆ. ಬರುವ ವಾರ ಮಾಡುತ್ತೇನೆ.

ನಿನ್ನ ಅಕ್ಕ

•

ಏಪ್ರಿಲ್ 27

ಪ್ರೀತಿಯ ಪುಟ್ಟಿಗೆ,

ಕಾಗದ ಹಿಂದಿರುಗಿ ಬರಲಿಲ್ಲ. ಹಾಗಾಗಿ ಇನ್ನೊಂದು.

ಮೂವತ್ತೆರಡೂ ಚಿಗುರಿವೆ. ಎಲೆ ಸಣ್ಣದು, ಬೆರಳ ತುದಿಯಷ್ಟು, ಎಳೆಯದರಲ್ಲಿ ನೀರಿನಲ್ಲಿ ಅದ್ದಿ ತೆಗೆದಂತೆ ಹೊಳೆಯುತ್ತದೆ. ದೊಡ್ಡ ಮರದ ಬೇರು ನೆಲದ ನೀರನ್ನೆಲ್ಲ ಕುಡಿದುಬಿಡುತ್ತದೆ, ಅದಕ್ಕೇ ದಿನಕ್ಕೆ ಎಂಟು ಕೊಡ ಹೊರುತ್ತಿದ್ದೇನೆ. ಬುಡಕ್ಕೆ ಒಣಗಿದ ಎಲೆ ಮುಚ್ಚಿದ್ದೇನೆ. ಬೆನ್ನು ಹಿಡಿದುಕೊಂಡಿದೆ, ಇರಲಿ.

ಕತ್ತರಿಸಲಿಲ್ಲ. ಮೂರು ಸಲ ಕತ್ತರಿ ಹಿಡಿದು ಹೋದೆ. ಮೂವತ್ತು ವರ್ಷದಿಂದ ದಿನಾ ಬಟ್ಟೆ ಕತ್ತರಿಸುತ್ತಿರುವವಳು ನಾನು. ಜನ ಮದುವೆಗೆಂದು ಎತ್ತಿಟ್ಟ ರೇಷ್ಮೆಯನ್ನೂ ಕಣ್ಣು ಮಿಟುಕಿಸದೆ ಕತ್ತರಿಸಿದ್ದೇನೆ. ಈ ಕಡ್ಡಿಯಂಥ ಗಿಡದ ಮುಂದೆ ಕೂತರೆ ಕೈ ಬರುವುದಿಲ್ಲ. ಚೆನ್ನಾಗಿ ಬೆಳೆಯುತ್ತಿರುವುದನ್ನು ಬುಡದವರೆಗೆ ಕಡಿ ಎಂದರೆ ಯಾವ ನ್ಯಾಯ? ಪಕ್ಕದ ಮನೆಯ ಮೇಷ್ಟ್ರು ಗೋಡೆಯ ಮೇಲಿಂದ ನೋಡಿ, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?" ಎಂದರು. ನಿಮ್ಮ ಮಗನ ಪ್ಯಾಂಟು ಇನ್ನೊಂದು ವಾರ ಆಗುತ್ತೆ ಎಂದೆ. ಸುಮ್ಮನೆ ಒಳಗೆ ಹೋದರು.

ಬೇಲಿ ಎನ್ನುವಾಗ ಒಂದು ಮಾತು ಯಾವಾಗಲೂ ನೆನಪಾಗುತ್ತದೆ. ಅವತ್ತು ಎಲ್ಲರ ಮುಂದೆ ನಿನ್ನ ಅತ್ತೆ ನನ್ನನ್ನು ನೋಡಿ, "ಬೇಲಿಯೇ ಎದ್ದು ಹೊಲ ಮೇಯ್ದಂಗಾಯ್ತು" ಅಂದರಲ್ಲ, ಅದು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮೊಮ್ಮಗಳನ್ನು ಕಳೆದುಕೊಂಡವರು. ದಿನಾ ಬೆಳಿಗ್ಗೆ ನೀನು ಆಫೀಸಿಗೆ ಹೋಗುವಾಗ ಮಗುವನ್ನು ನನ್ನ ಕೈಗೆ ಕೊಟ್ಟು ಹೋಗುತ್ತಿದ್ದೆ. ಸಂಜೆ ನಿನ್ನ ಕೈಗೆ ಕೊಡಬೇಕಾದ್ದು ನನ್ನ ಕೆಲಸವಾಗಿತ್ತು. ಅದನ್ನು ಒಂದು ದಿನ ಮಾಡಲಾಗಲಿಲ್ಲ.

ಇದನ್ನೆಲ್ಲ ಬರೆಯಬಾರದೆಂದುಕೊಂಡೇ ಕೂತಿದ್ದೆ.

ನಿನ್ನ ಅಕ್ಕ

•

ಆಗಸ್ಟ್ 18

ಪ್ರೀತಿಯ ಪುಟ್ಟಿಗೆ,

ಬೇಲಿ ಈಗ ನನ್ನ ತಲೆಯೆತ್ತರ. ಜೂನಿನಲ್ಲಿ ಬಿಳಿ ಹೂ ಬಿಟ್ಟಿತ್ತು, ಈಗ ಕಪ್ಪು ಕಾಯಿ. ಹಕ್ಕಿಗಳು ಬಂದು ತಿಂದು ನಾನು ಒಣಗಲು ಹಾಕಿದ ಬಟ್ಟೆಯ ಮೇಲೇ ಉಪಕಾರ ತೀರಿಸಿ ಹೋಗುತ್ತವೆ. ಯಂತ್ರವನ್ನು ಮತ್ತೆ ಬಾಗಿಲ ಕಡೆ ತಿರುಗಿಸಿಕೊಂಡಿದ್ದೇನೆ. ಕೂತಲ್ಲಿಂದ ರಸ್ತೆ ಕಾಣುವುದಿಲ್ಲ. ಬಸ್ಸಿನ ಸದ್ದು ಕೇಳುತ್ತದೆ, ಬಸ್ಸು ಕಾಣುವುದಿಲ್ಲ. ಆರು ವರ್ಷದಲ್ಲಿ ಮೊದಲ ಸಲ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕಾಜ ಹೊಲಿದೆ. ನಿನ್ನೆ ನರ್ಸರಿಯ ತಾತ ದಾರಿಯಲ್ಲಿ ಸಿಕ್ಕು, "ಕತ್ತರಿಸಿದ್ರಾ?" ಎಂದು ಕೇಳಿದರು. ಹೂಂ ಎಂದು ಸುಳ್ಳು ಹೇಳಿದೆ.

ಚಿಕ್ಕಮ್ಮ ಬಂದಿದ್ದರು. ಮಾತಿನ ನಡುವೆ ಬಾಯಿ ಜಾರಿ, ನಿನಗೆ ಮಗಳು ಹುಟ್ಟಿ ಒಂದು ವರ್ಷವಾಯಿತು ಎಂದರು. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡರು. ನಾನು ಒಳಗೆ ಹೋಗಿ ಕಾಫಿ ಮಾಡಿದೆ, ಸಕ್ಕರೆ ಹಾಕಲು ಮರೆತೆ, ಅವರು ಹಾಗೇ ಕುಡಿದರು. ಪುಟ್ಟಿ, ನನಗೆ ಸಂತೋಷವಾಯಿತು. ತಿಳಿಸಲಿಲ್ಲವಲ್ಲ ಎಂದು ದುಃಖವೂ ಆಯಿತು. ಎರಡನ್ನೂ ಮುಚ್ಚಿಡದೆ ಬರೆದಿದ್ದೇನೆ.

ಮನೆಯಲ್ಲಿ ಉಳಿದಿದ್ದ ಹಳದಿ ಹತ್ತಿಬಟ್ಟೆಯಲ್ಲಿ ಒಂದು ಫ್ರಾಕು ಹೊಲಿದೆ. ಅಳತೆ ಗೊತ್ತಿಲ್ಲದೆ ಹೊಲಿಯುವುದು ನನ್ನ ಕಸುಬಿಗೇ ಅವಮಾನ, ಆದರೂ ಹೊಲಿದೆ. ಕಳಿಸುವುದಿಲ್ಲ. ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಅಂಗಳಕ್ಕೆ ಬೇಲಿ ಬಂದಿದೆ ಎಂದು ಮಾತ್ರ ಹೇಳುತ್ತಿದ್ದೇನೆ. ಬಾ ಎಂದು ಕರೆಯುವಷ್ಟು ಮುಖ ನನಗಿಲ್ಲ.

ನಿನ್ನ ಅಕ್ಕ

•

ಡಿಸೆಂಬರ್ 3

ಪುಟ್ಟಿಗೆ,

ಎಲೆಗಳೆಲ್ಲ ಉದುರಿದವು. ಅದಕ್ಕೆ ನಾನು ಹೆದರಲಿಲ್ಲ, ಉಗುರಿನಿಂದ ಕೆರೆದು ನೋಡಿದೆ, ಹಸಿರಿದೆ. ಹೆದರಿದ್ದು ಬೇರೆಯದಕ್ಕೆ.

ನಿನ್ನೆ ಮಧ್ಯಾಹ್ನ ಪರದೆ ಹೊಲಿಸಲು ಒಬ್ಬ ನರ್ಸಮ್ಮ ಬಂದಿದ್ದರು. ಜೊತೆಗೆ ಮಗಳು, ಮೂರು ವರ್ಷವಿರಬಹುದು. ನಾವು ಬಟ್ಟೆ ಬಿಚ್ಚಿ ಅಂಚು ನೋಡುತ್ತಿದ್ದೆವು. ತಲೆ ಎತ್ತಿದರೆ ಮಗು ಅಂಗಳದಲ್ಲಿಲ್ಲ. ಬೇಲಿಯ ಆಚೆ, ರಸ್ತೆಯ ಅಂಚಿನಲ್ಲಿ ನಿಂತು ಕಲ್ಲು ಆರಿಸುತ್ತಿದ್ದಳು. ತಾಯಿ ಓಡಿಹೋಗಿ ಎತ್ತಿಕೊಂಡರು, ಏನೂ ಆಗಲಿಲ್ಲ. "ಹೇಗೆ ಹೋದೆ?" ಎಂದು ಕೇಳಿದ್ದಕ್ಕೆ ಆ ಮಗು ಮತ್ತೆ ಮಾಡಿ ತೋರಿಸಿತು. ಎರಡು ಗಿಡದ ನಡುವೆ ನಡೆದುಕೊಂಡು ಹೋಯಿತು. ತಲೆ ಬಗ್ಗಿಸಲೂ ಇಲ್ಲ.

ತಾತ ಹೇಳಿದ್ದೇ ಆಗಿದೆ. ಗಿಡ ಮೇಲಕ್ಕೆ ಹೋಗಿದೆ, ಕೆಳಗೆ ಬರೀ ಕಡ್ಡಿ. ನಾನು ನನ್ನ ಕಣ್ಣಿನ ಎತ್ತರಕ್ಕೆ ಬೇಲಿ ಕಟ್ಟಿ ನೆಮ್ಮದಿಯಾಗಿ ಕೂತಿದ್ದೆ. ರಸ್ತೆ ನನಗೆ ಮಾತ್ರ ಕಾಣುತ್ತಿರಲಿಲ್ಲ. ಮಕ್ಕಳಿಗೆ ಅಲ್ಲಿ ಬೇಲಿಯೇ ಇರಲಿಲ್ಲ.

ಅವರು ಹೋದ ಮೇಲೆ ನೆಲದ ಮೇಲೆ ಕೂತು ಮಗುವಿನ ಎತ್ತರದಿಂದ ಬೇಲಿ ನೋಡಿದೆ. ಒಂದು ಸಲ ಕಳೆದುಕೊಂಡವಳಿಗೆ ಬುದ್ಧಿ ಬರಬೇಕಿತ್ತು. ಅಯ್ಯೋ ಪಾಪ ಎಂದು ಒಂದು ಗಿಡವನ್ನು ಕತ್ತರಿಸಲಾಗದೆ ಇನ್ನೊಬ್ಬರ ಮಗುವನ್ನು ರಸ್ತೆಗೆ ಬಿಟ್ಟಿದ್ದೆ. ಈ ಭಾನುವಾರ ಎಲ್ಲವನ್ನೂ ಕಿತ್ತು ಹಾಕಿಸುತ್ತೇನೆ. ಮತ್ತೆ ತಗಡು ಬಡಿಸುತ್ತೇನೆ. ಇನ್ನು ಕಾಗದ ಬರೆದು ನಿನಗೆ ತೊಂದರೆ ಕೊಡುವುದಿಲ್ಲ.

ಅಕ್ಕ

•

ಡಿಸೆಂಬರ್ 6

ಅಕ್ಕನಿಗೆ,

ಕೀಳಬೇಡ. ನೆಲದಿಂದ ಮೊದಲ ಕೊಂಬೆಗೆ ಎಷ್ಟು ಇಂಚು, ಕಾಂಡದಿಂದ ಕಾಂಡಕ್ಕೆ ಎಷ್ಟು ಇಂಚು, ಕಾಂಡದ ದಪ್ಪ ಎಷ್ಟು, ಅಳೆದು ಬರೆ. ಬೇರೇನೂ ಬರೆಯಬೇಡ.

ಇಂತಿ

•

ಡಿಸೆಂಬರ್ 10

ಪುಟ್ಟಿಗೆ,

ನಿನ್ನ ಕಾಗದ ಶನಿವಾರ ಬಂತು.

ನೆಲದಿಂದ ಮೊದಲ ಕೊಂಬೆಗೆ: ಹದಿನೆಂಟು ಗಿಡಗಳಲ್ಲಿ ಮೂವತ್ತಾರು ಇಂಚು. ಒಂಬತ್ತರಲ್ಲಿ ಮೂವತ್ತೆಂಟು. ಐದರಲ್ಲಿ ಮೂವತ್ತಮೂರು.

ಕಾಂಡದಿಂದ ಕಾಂಡಕ್ಕೆ: ಎಲ್ಲ ಕಡೆ ಹದಿನೆಂಟು.

ಕಾಂಡ ನನ್ನ ಹೆಬ್ಬೆರಳಿನ ದಪ್ಪ. ಟೇಪಿನಲ್ಲಿ ಸುತ್ತಳತೆ ಎರಡೂ ಮುಕ್ಕಾಲು.

ಬೇರೇನೂ ಬರೆದಿಲ್ಲ.

ಅಕ್ಕ

•

ಜನವರಿ 11

ಅಕ್ಕನಿಗೆ,

ಒಂದು ತಿಂಗಳಿನಿಂದ ನಿನ್ನ ಅಳತೆಗಳು ನನ್ನ ಡ್ರಾಯಿಂಗ್ ಮೇಜಿನ ಗಾಜಿನ ಕೆಳಗಿವೆ. ನಕ್ಷೆ ಬರೆಯುವವರು ಅಳತೆ ನೋಡಿದರೆ ಜಾಗ ನೋಡಿದ ಹಾಗೆ. ನಿನ್ನ ಬೇಲಿಯನ್ನು ಒಂದು ಹಾಳೆಯ ಮೇಲೆ ಬರೆದೆ. ಮೂವತ್ತಾರು ಇಂಚು ಎತ್ತರದ ಬಾಗಿಲುಗಳ ಸಾಲಿನಂತೆ ಬಂತು. ಉಂಡೆ ಮೂವತ್ತೈದು ಇಂಚು ಇದ್ದಳು. ನೀನೇ ಬಾಗಿಲ ಚೌಕಟ್ಟಿಗೆ ಅವಳನ್ನು ನಿಲ್ಲಿಸಿ, ತಲೆಯ ಮೇಲೆ ಸ್ಕೇಲು ಇಟ್ಟು, ಪೆನ್ಸಿಲಿನಲ್ಲಿ ಗೀಟು ಹಾಕಿದ್ದೆ. ಆ ಗೀಟನ್ನು ಅಳಿಸಿರುವುದಿಲ್ಲ ಎಂದುಕೊಂಡಿದ್ದೇನೆ.

ಇಲ್ಲಿ ಒಂದು ಸರ್ಕಾರಿ ತೋಟವಿದೆ, ಅಲ್ಲಿನ ಮಾಲಿಯನ್ನು ಕೇಳಿದೆ. ಈಗಲೂ ಕಾಲ ಮಿಂಚಿಲ್ಲವಂತೆ. ಎಲೆಯಿಲ್ಲದಾಗ, ಮೊಗ್ಗು ಉಬ್ಬುವ ಮೊದಲು, ಬುಡದಿಂದ ಒಂದು ಗೇಣು ಬಿಟ್ಟು ಎಲ್ಲವನ್ನೂ ಕತ್ತರಿಸಬೇಕು. ನಡುವಿನ ಖಾಲಿಯಲ್ಲಿ ಸಣ್ಣ ಸಸಿ ಸೇರಿಸಬೇಕು. ಆಮೇಲೆ ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಏರಲು ಬಿಡಬೇಕು. ಮೇಲೆ ಕಿರಿದು, ಕೆಳಗೆ ಅಗಲ, ನಿನ್ನ ಫ್ರಾಕಿನ ಘೇರಿನ ಹಾಗೆ. ಹಾಗಿದ್ದರೆ ಕೆಳಗಿನ ಎಲೆಗೂ ಬೆಳಕು ಸಿಗುತ್ತದೆ. ಗಟ್ಟಿಯಾಗಲು ಮೂರು ವರ್ಷ ಬೇಕು ಎಂದ.

ಇದಿಷ್ಟನ್ನು ಬರೆದು ಅಂಚೆಗೆ ಹಾಕಬಹುದಿತ್ತು. ತಿಂಗಳಿಂದ ಹಾಗೇ ಮಾಡಲು ನೋಡಿದೆ, ಆಗಲಿಲ್ಲ.

ಅವತ್ತು ಫೋನ್ ಮಾಡಿದ್ದು ನಾನು. ನಿನಗೆ ಗೊತ್ತು, ನನಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ. ಊಟ ಮಾಡಿದಳಾ ಎಂದು ಕೇಳಿದೆ. ಅದಕ್ಕಾಗಿಯೂ ಮಾಡಿರಲಿಲ್ಲ. ಆಫೀಸಿನಲ್ಲಿ ಬೇಜಾರಾಗಿತ್ತು, ಅವಳ ದನಿ ಕೇಳಬೇಕು ಅನ್ನಿಸಿತ್ತು. ನೀನು ಯಂತ್ರ ಬಿಟ್ಟು ಒಳಗಿನ ಕೋಣೆಗೆ ಬಂದು ಫೋನ್ ಎತ್ತಿದೆ. "ಇಲ್ಲೇ ಅಂಗಳದಲ್ಲಿದ್ದಾಳೆ, ಕರೀತೀನಿ ಇರು" ಎಂದೆ. ಮೇಜಿನ ಮೇಲೆ ರಿಸೀವರ್ ಇಟ್ಟ ಸದ್ದು ಕೇಳಿತು. ನೀನು ಎರಡು ಸಲ ಅವಳ ಹೆಸರು ಕೂಗಿದ್ದು ಕೇಳಿತು. ಮೂರನೇ ಸಲ ಕೂಗಿದ್ದೂ ಕೇಳಿತು ಅಕ್ಕ. ಆ ಕೂಗು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

ಆಮೇಲೆ ಎಲ್ಲರೂ ನಿನ್ನನ್ನು ಕೇಳಿದರು, ಎಲ್ಲಿ ಹೋಗಿದ್ದೆ ಎಂದು. "ಒಳಗೆ ಹೋಗಿದ್ದೆ" ಎಂದೆ. ಯಾಕೆ ಎಂದು ಕೇಳಿದರು. ನೀನು ಬಾಯಿಗೆ ಬೀಗ ಹಾಕಿಕೊಂಡೆ. ಅತ್ತೆ ಬೇಲಿಯ ಮಾತು ಹೇಳಿದಾಗ ನಾನು ನಿನ್ನಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ನೀನು ಹೇಳಲಿಲ್ಲ. ಹೇಳಿದ್ದರೆ ನಿನ್ನ ಜೊತೆ ಕೂತು ಅಳಬಹುದಿತ್ತು. ಹೇಳದೆ ಇದ್ದುದಕ್ಕೆ ನಿನ್ನ ಮುಖ ನೋಡಲಾಗಲಿಲ್ಲ. ಅದನ್ನು ಕೋಪ ಎಂದು ಎಲ್ಲರೂ ತಿಳಿದರು, ನಾನೂ ಅವರು ಹಾಗೇ ತಿಳಿಯಲಿ ಎಂದು ಬಿಟ್ಟೆ. ಎಲ್ಲರ ಮುಂದೆ "ನಿನ್ನ ಕೈಗೆ ಕೊಟ್ಟು ಹೋಗಿದ್ದೆನಲ್ಲ" ಎಂದು ಬೇರೆ ಅಂದೆ.

ನಿನ್ನೆ ಇವರಿಗೆ ಹೇಳಿದೆ. ಅದಕ್ಕೆ ಇವರು, "ಏಳು ವರ್ಷ ಅವರೊಬ್ಬರೇ ಹೊತ್ತುಕೊಂಡಿದ್ರಾ?" ಎಂದರು. ಹೌದು ಎಂದೆ.

ಕತ್ತರಿಸಿಬಿಡು ಅಕ್ಕ. ಪಾಪ ಅನ್ನಬೇಡ.

ನಿನ್ನ ತಂಗಿ

•

ಫೆಬ್ರುವರಿ 5

ಪ್ರೀತಿಯ ಪುಟ್ಟಿಗೆ,

ಮೂವತ್ತೊಂದು ಗಿಡ ಕತ್ತರಿಸಿದೆ. ಮೊದಲನೆಯದಕ್ಕೆ ಅರ್ಧ ದಿನ ಹಿಡಿಯಿತು, ಉಳಿದವಕ್ಕೆ ಒಂದು ಗಂಟೆ. ನರ್ಸರಿಯ ತಾತನೇ ದೊಡ್ಡ ಕತ್ತರಿ ಕೊಟ್ಟು, ಪಕ್ಕದಲ್ಲಿ ನಿಂತು, ಒಂದು ವರ್ಷದ ಉಪದೇಶವನ್ನು ಒಂದೇ ಸಲ ಬಡ್ಡಿಸಮೇತ ಕೊಟ್ಟರು. ಸುಳ್ಳು ಹೇಳಿದ್ದಕ್ಕೆ ತಪ್ಪಾಯಿತು ಎಂದೆ. "ನೀವು ಹೂಂ ಅಂದಾಗ್ಲೇ ಗೊತ್ತಾಯ್ತು ಬಿಡಿ, ಕತ್ತರಿಸಿದೋರು ಅಷ್ಟು ನಗ್ತಾ ಹೇಳಲ್ಲ" ಎಂದರು. ಈಗ ಅಂಗಳ ಬೋಳು. ಗೇಣುದ್ದದ ಮೋಟುಗಳ ಸಾಲು, ಅದರಾಚೆ ರಸ್ತೆ. ಯಂತ್ರವನ್ನು ಗೋಡೆಗೆ ತಿರುಗಿಸಿಲ್ಲ. ನೋಡಿಕೊಂಡೇ ಹೊಲಿಯುತ್ತೇನೆ. ಮಕ್ಕಳನ್ನು ಕರೆತಂದವರಿಗೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಅಳತೆ ಕೊಡಿ ಎನ್ನುತ್ತೇನೆ.

ಒಂದು ಗಿಡವನ್ನು ಬಿಟ್ಟಿದ್ದೇನೆ, ಬಾಗಿಲಿಗೆ ನೇರ ಇರುವುದನ್ನು. ಅದನ್ನು ನೀನು ಬಂದು ಕತ್ತರಿಸು.

ಇನ್ನು ನಿನ್ನ ಮಾತಿಗೆ ಬರುತ್ತೇನೆ. ಯಾಕೆ ಹೇಳಲಿಲ್ಲ ಎಂದರೆ, ನಾನೇನು ದೊಡ್ಡ ಮನಸ್ಸಿನವಳು ಎಂದಲ್ಲ. ಮೊದಲ ವರ್ಷ ನನಗೆ ನಿನ್ನ ಮೇಲೆ ಕೆಟ್ಟ ಕೋಪವಿತ್ತು. ಹೇಳಿಬಿಡುತ್ತೇನೆ ಎಂದು ಎರಡು ಸಲ ಬಸ್ ಸ್ಟ್ಯಾಂಡಿನವರೆಗೆ ಹೋಗಿದ್ದೆ. ಅಲ್ಲಿ ಕೂತಾಗ ಅನ್ನಿಸಿತು, ನಾನು ಹೇಗೂ ಬೈಸಿಕೊಂಡಾಗಿದೆ. ನನ್ನ ಮನೆಗೆ ಯಾರು ಬಾರದಿದ್ದರೂ ಹೊಲಿಸುವವರು ಬರುತ್ತಾರೆ. ನೀನು ಆ ಮನೆಯಲ್ಲಿ, ಆ ಅತ್ತೆಯ ಎದುರು, ದಿನಾ ಊಟಕ್ಕೆ ಕೂರಬೇಕು. ಅದಕ್ಕೇ ವಾಪಸು ಬಂದೆ. ಬಂದು ಫೋನನ್ನು ಗೋಡೆಯಿಂದ ಕಿತ್ತೆ.

ತಾಯಿ ಮಗಳ ದನಿ ಕೇಳಲು ಫೋನ್ ಮಾಡುವುದು ತಪ್ಪಲ್ಲ ಪುಟ್ಟಿ. ಫೋನ್ ಬಂದರೆ ಎತ್ತಲು ಹೋಗುವುದೂ ತಪ್ಪಲ್ಲ ಎಂದು ನೀನೊಂದು ಸಲ ಬರೆದರೆ ನನಗೆ ಸಾಕು. ಬೇರೆ ಯಾರು ಹೇಳಿದರೂ ಅದು ನನಗೆ ನಾಟುವುದಿಲ್ಲ.

ಗೀಟು ಇದೆ. ಎರಡು ಸಲ ಬಾಗಿಲಿಗೆ ಬಣ್ಣ ಹೊಡೆಸಿದೆ, ಅಷ್ಟು ಜಾಗ ಬಿಡಿಸಿ.

ನಿನ್ನ ಅಕ್ಕ

•

ಮಾರ್ಚ್ 2

ಪ್ರೀತಿಯ ಅಕ್ಕನಿಗೆ,

ಫೋನ್ ಎತ್ತಲು ಹೋದದ್ದು ತಪ್ಪಲ್ಲ.

ಈ ಒಂದು ಸಾಲನ್ನು ಬರೆದು ಪೆನ್ನು ಕೆಳಗಿಟ್ಟು ಅತ್ತೆ. ಏಳು ವರ್ಷದ ಹಿಂದೆ ಎಲ್ಲರ ಮುಂದೆ ಹೇಳಬೇಕಾದ್ದನ್ನು ಈಗ ಕಾಗದದಲ್ಲಿ ಬರೆಯುತ್ತಿದ್ದೇನೆ. ನಿನ್ನದು ಏನೂ ತಪ್ಪಿಲ್ಲ ಅಕ್ಕ. ಅತ್ತೆಗೂ ಹೇಳಿದ್ದೇನೆ. ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ, ಅದು ನನ್ನ ಪಾಲಿನದು.

ಕಳೆದ ಭಾನುವಾರ ನಾನು ಬಂದಿದ್ದೆ. ನೀನು ನೋಡಲಿಲ್ಲ. ಬಸ್ಸು ನಿಮ್ಮ ರಸ್ತೆಗೆ ತಿರುಗಿದಾಗ ಇಳಿಯಲೆಂದು ಎದ್ದು ನಿಂತೆ. ಮತ್ತೆ ಕೂತುಬಿಟ್ಟೆ. ಕಿಟಕಿಯಿಂದ ಕಂಡಿತು, ಮೋಟುಗಳ ಸಾಲು, ನಡುವೆ ಒಂದೇ ಗಿಡ. ಹಿಂದೆ ಬಾಗಿಲಲ್ಲಿ ನೀನು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಯಾರದೋ ತೋಳಿನ ಅಳತೆ ತೆಗೆಯುತ್ತಿದ್ದೆ. ತಲೆ ಪೂರ್ತಿ ಬೆಳ್ಳಗಾಗಿದೆ. ಬಸ್ಸು ದಾಟಿಹೋಯಿತು. ಮುಂದಿನ ಸ್ಟಾಪಿನಲ್ಲಿ ಇಳಿದು, ಎದುರಿನ ಬಸ್ಸು ಹತ್ತಿ ವಾಪಸು ಬಂದೆ.

ಆ ರಸ್ತೆಯನ್ನು ದಾಟಿ ನಿನ್ನ ಅಂಗಳಕ್ಕೆ ಬರಲು ನನಗೆ ಇನ್ನೂ ಆಗುವುದಿಲ್ಲ. ಮಗುವನ್ನು ಎತ್ತಿಕೊಂಡು ಬರುವುದಂತೂ ಯೋಚಿಸಲೂ ಆಗುವುದಿಲ್ಲ. ಮಾಲಿ ಹೇಳಿದ ಮೂರು ವರ್ಷ ಬೇಕೋ, ಅದಕ್ಕಿಂತ ಕಡಿಮೆಯೋ, ನಾನು ಹೇಳಲಾರೆ. ಬರುವುದೇ ಇಲ್ಲ ಎಂದೂ ಹೇಳುತ್ತಿಲ್ಲ. ಆ ಗಿಡವನ್ನು ನನಗಾಗಿ ಕಾಯಿಸಬೇಡ, ನೀನೇ ಕತ್ತರಿಸಿಬಿಡು. ಒಂದು ಕಡೆ ಸಂದು ಉಳಿದರೆ ಬೇಲಿ ಇದ್ದೂ ಇಲ್ಲದ ಹಾಗೆ.

ಅಳತೆ ಗೊತ್ತಿಲ್ಲದೆ ಹೊಲಿಯುವುದು ಕಸುಬಿಗೆ ಅವಮಾನ ಎಂದಿದ್ದೆಯಲ್ಲ. ಇಗೋ, ಇಂದು ಬೆಳಿಗ್ಗೆ ತೆಗೆದದ್ದು. ಎದೆ ಹತ್ತೊಂಬತ್ತು. ಭುಜ ಎಂಟು. ಫ್ರಾಕಿನ ಉದ್ದ ಹದಿನೇಳು. ನಿಂತರೆ ಎತ್ತರ ಮೂವತ್ತೆರಡು. ಟೇಪು ಹಿಡಿದಾಗ ನಗುತ್ತಾಳೆ, ನಿಲ್ಲುವುದಿಲ್ಲ. ಅರ್ಧ ಇಂಚು ಹೆಚ್ಚುಕಮ್ಮಿ ಇದ್ದೀತು.

ನಿನ್ನ ತಂಗಿ

•

ಮಾರ್ಚ್ 15

ಪ್ರೀತಿಯ ಪುಟ್ಟಿಗೆ,

ಬರಲಿಲ್ಲ ಎಂದು ಬರೆದಿದ್ದೀಯ. ಬಂದಿದ್ದೆ ಎಂದೂ ಬರೆದಿದ್ದೀಯ. ನಾನು ಎರಡನೆಯದನ್ನು ಇಟ್ಟುಕೊಂಡಿದ್ದೇನೆ.

ಕೊನೆಯ ಗಿಡವನ್ನೂ ಕತ್ತರಿಸಿದೆ. ನೀನು ಹೇಳಿದ್ದು ಸರಿ, ಕಾಯುವ ನೆಪದಲ್ಲಿ ಇನ್ನೊಂದು ಸಂದು ಬಿಡುತ್ತಿದ್ದೆ. ನಡುವಿನ ಖಾಲಿಯಲ್ಲಿ ಮೊಣಕಾಲುದ್ದದ ಸಸಿಗಳನ್ನು ನೆಟ್ಟು ಆ ದಿನವೇ ಗೇಣಿಗೆ ಇಳಿಸಿದೆ. ಈ ಸಲ ಕೈ ಬಂತು. ಹಳೆಯ ಮೋಟುಗಳಲ್ಲಿ ನೆಲಕ್ಕೆ ತಾಗಿಕೊಂಡೇ ಚಿಗುರು ಒಡೆದಿವೆ, ಒಂದೊಂದರಲ್ಲಿ ಆರು, ಏಳು. ನಡುವೆ ನನ್ನ ಕೈ ತೂರುವುದಿಲ್ಲ. ಚಿಗುರಿನ ಎತ್ತರ ಮಾತ್ರ ಇನ್ನೂ ಆರಂಗುಲ. ಅಷ್ಟಕ್ಕೆ ಯಾರನ್ನೂ ಕರೆಯುವಂತಿಲ್ಲ, ಗೊತ್ತು.

ಹಳದಿ ಫ್ರಾಕು ಬಿಚ್ಚಿ ನೋಡಿದೆ. ಎದೆಯಲ್ಲಿ ಒಂದೂವರೆ ಇಂಚು ಕಮ್ಮಿ ಬಂತು. ಅದು ಅವಳಿಗಲ್ಲ, ನನ್ನ ಅಂದಾಜಿಗೆ ಹೊಲಿದದ್ದು. ಹೊಸದಾಗಿ ಹೊಲಿದು ಈ ಕಾಗದದ ಜೊತೆ ಕಳಿಸಿದ್ದೇನೆ. ಕೆಳಗೆ ಎರಡು ಮಡಿಕೆ ಬಿಟ್ಟಿದ್ದೇನೆ, ಬಿಚ್ಚಿದರೆ ಉದ್ದವಾಗುತ್ತದೆ.

ಬಾಗಿಲ ಚೌಕಟ್ಟಿನ ಮೇಲೆ ಮೂವತ್ತೆರಡಕ್ಕೆ ಒಂದು ಗೀಟು ಹಾಕಿದೆ. ಅದರ ಮೇಲೆ ಮೂರು ಇಂಚಿಗೆ ಉಂಡೆಯದು. ಈ ವರ್ಷ ಮುಗಿಯುವುದರೊಳಗೆ ತಂಗಿ ಅಕ್ಕನನ್ನು ದಾಟುತ್ತಾಳೆ. ದಾಟಿದ ದಿನ ಹೊಸ ಅಳತೆ ಕಳಿಸು. ಹಳೆಯದಕ್ಕೇ ಹೊಲಿದರೆ ಬಿಗಿಯಾಗುತ್ತದೆ.

ನಿನ್ನ ಅಕ್ಕ